ಡಬ್ಬದ ಮೇಲೆ 6 ತಿಂಗಳು, ನಮ್ಮ ಮನೆಯಲ್ಲಿ 19 ದಿನ: ಕ್ಯಾಮೆರಾ ಬ್ಯಾಟರಿ ಎಲ್ಲಿ ಹೋಗುತ್ತಿದೆ?

ನಾಪೋಕ್ಲು_ತೋಟ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಜುಲೈ 4ಕ್ಕೆ ಎರಡು ಬ್ಯಾಟರಿ ಕ್ಯಾಮೆರಾ ಹಾಕಿದೆ. ಒಂದು ಮುಂಬಾಗಿಲಿಗೆ, ಇನ್ನೊಂದು ಹಿಂದೆ ಸೌದೆ ಕೊಟ್ಟಿಗೆ ಕಡೆಗೆ. ಡಬ್ಬದ ಮೇಲೆ "ಒಂದು ಚಾರ್ಜಿಗೆ 6 ತಿಂಗಳು" ಅಂತ ದೊಡ್ಡದಾಗಿ ಇದೆ. ಮುಂದಿನದು 40 ದಿನ ಬಂತು. ಹಿಂದಿನದು ಬರೀ 19 ದಿನ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಏಣಿ ಇಟ್ಟು, ನೆನೆದುಕೊಂಡು ಕ್ಯಾಮೆರಾ ಬಿಚ್ಚಿ ತಂದರೆ ಚಾರ್ಜಿಗೆ ಹಾಕಲು ಕರೆಂಟ್ ಇಲ್ಲ. ಮೂರು ದಿನ ಅದು ಮೇಜಿನ ಮೇಲೇ ಇತ್ತು. "ಇದಕ್ಕಿಂತ ಇನ್ನೊಂದು ನಾಯಿ ಸಾಕಿದ್ದರೆ ಆಗುತ್ತಿತ್ತು" ಅಂತ ಅಮ್ಮ.

ಈಗ ವಿಷಯ ಏನೆಂದರೆ, ಡಿಸೆಂಬರಿಗೆ ಕಣದಲ್ಲಿ ಕಾಫಿ ಹರಡಬೇಕು. ಕಾಫಿಗೆ ರೇಟ್ ಬಂದ ಮೇಲೆ ಕಣದ ಕಡೆ ಕಣ್ಣಿಡದೆ ರಾತ್ರಿ ನಿದ್ದೆ ಬರುವುದಿಲ್ಲ. ಕಣ ಮನೆಯಿಂದ ಸುಮಾರು 60 ಮೀಟರ್ ಕೆಳಗಿದೆ. ಅಲ್ಲಿಗೆ ಕರೆಂಟ್ ಎಳೆದಿಲ್ಲ. ಅಂಥದ್ದೇ ಮೂರನೆಯದು ತಂದು ಅಲ್ಲಿ ಹಾಕಬೇಕು ಅಂತಿದ್ದೇನೆ. ಆದರೆ ಅದೂ 19 ದಿನಕ್ಕೆ ಮಲಗಿದರೆ ಏನು ಪ್ರಯೋಜನ?

ವಿವರ: 5200 ಎಂಎಎಚ್ ಬ್ಯಾಟರಿ, 2ಕೆ ವಿಡಿಯೋ, ಮನುಷ್ಯರು ಬಂದರೆ ಮಾತ್ರ ಮೊಬೈಲಿಗೆ ಸುದ್ದಿ ಬರುವ ಹಾಗೆ ಸೆಟ್ಟಿಂಗ್. ರೂಟರ್ ನಡುಮನೆಯಲ್ಲಿದೆ. ಅಜ್ಜನ ಕಾಲದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಕಂಪನಿ ಹೆಸರು ಹೇಳುವುದಿಲ್ಲ, ಜಗಳ ಬೇಡ.

ಗೋಣಿಕೊಪ್ಪ_ವೈರಿಂಗ್ · ಅಕ್ಟೋಬರ್ 12

ಕಂಪನಿ ಹೆಸರು ಬೇಡವೇ ಬೇಡ ಅಣ್ಣ. ನನ್ನ ಕೈಗೆ ಬಂದ ಹೆಚ್ಚಿನ ಕ್ಯಾಮೆರಾಗಳ ಒಳಗಿದ್ದದ್ದು ಒಂದೇ ಜಾತಿಯ ಸೆಲ್, 18650. 5200 ಅಂದರೆ 2600ರ ಎರಡು ಸೆಲ್ ಜೋಡಿಸಿರುತ್ತಾರೆ, ಅಷ್ಟೇ.

ಮೂರು ಪ್ರಶ್ನೆ. ದಿನಕ್ಕೆ ಎಷ್ಟು ಕ್ಲಿಪ್ ಆಗುತ್ತದೆ? ಆ್ಯಪ್‌ನಲ್ಲಿ ಸಿಗ್ನಲ್ ಎಷ್ಟು ತೋರಿಸುತ್ತದೆ? ನಿಮ್ಮಲ್ಲಿ ಕರೆಂಟ್ ಹೇಗೆ?

ಮೂರನೆಯದನ್ನು ಸುಮ್ನೆ ಕೇಳುತ್ತಿಲ್ಲ, ಕಾರಣ ಇದೆ.

ಬೆಂಗಳೂರು_ಮಗ · ಅಕ್ಟೋಬರ್ 12

ವೈರ್ ಇರುವ ಕ್ಯಾಮೆರಾ ಹಾಕಿಸಿ ಬ್ರೋ. ಒಂದು ಕೇಬಲ್‌ನಲ್ಲೇ ಕರೆಂಟೂ ಹೋಗುತ್ತದೆ, ವಿಡಿಯೋನೂ ಬರುತ್ತದೆ. ಬ್ಯಾಟರಿ ತಲೆನೋವೇ ಇಲ್ಲ.

ಸಿದ್ದಾಪುರ_ರೈಟರ್ · ಅಕ್ಟೋಬರ್ 12

@ಬೆಂಗಳೂರು_ಮಗ, ಏಪ್ರಿಲ್ ತಿಂಗಳಲ್ಲಿ ಇಲ್ಲಿ ಬಂದು ಒಂದು ವಾರ ಇರಿ. ನಮ್ಮ ಎಸ್ಟೇಟ್ ಆಫೀಸಿನಲ್ಲಿ ವೈರ್ ಕ್ಯಾಮೆರಾ ನಾಲ್ಕು ಇದ್ದವು. ಒಂದೇ ಸಿಡಿಲಿಗೆ ನಾಲ್ಕೂ ಹೋದವು, ಜೊತೆಗೆ ರೆಕಾರ್ಡರ್ ಪೆಟ್ಟಿಗೆಯೂ. 60 ಮೀಟರ್ ಕೇಬಲ್ ತೋಟದ ಮಧ್ಯೆ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಆನೆ ಕಾಲಿಗೆ ಸಿಕ್ಕರೆ ಅದು ಬೇರೆ ಕತೆ.

ಮನೆಗೆ ವೈರ್ ಸರಿ. ಕಣಕ್ಕೆ ಬ್ಯಾಟರಿಯೇ ವಾಸಿ.

ನಾಪೋಕ್ಲು_ತೋಟ · ಅಕ್ಟೋಬರ್ 13

@ಗೋಣಿಕೊಪ್ಪ_ವೈರಿಂಗ್, ಈಗಷ್ಟೇ ಕೂತು ಎಣಿಸಿದೆ. ಮೆಮೊರಿ ಕಾರ್ಡ್ ನೋಡಿದರೆ ಹಿಂದಿನದರಲ್ಲಿ ದಿನಕ್ಕೆ ಹೆಚ್ಚುಕಡಿಮೆ 110 ಕ್ಲಿಪ್! ಮೊಬೈಲಿಗೆ ಬರುವ ಸುದ್ದಿ ಮಾತ್ರ ದಿನಕ್ಕೆ ಐದೋ ಆರೋ. ಉಳಿದದ್ದೆಲ್ಲ ಕೋಳಿ. ನಮ್ಮ ಕೋಳಿಗೂಡು ಅಲ್ಲೇ ಇದೆ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮುಂದಿನದರಲ್ಲಿ ದಿನಕ್ಕೆ 30.

ಸಿಗ್ನಲ್ ಮುಂದೆ ಮೈನಸ್ 58, ಹಿಂದೆ ಮೈನಸ್ 71 (ಮೈನಸ್ ಆದಮೇಲಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಮ್ಮಿ). ಕರೆಂಟ್ ಬಗ್ಗೆ ಏನು ಹೇಳಲಿ, ಗಾಳಿ ಬೀಸಿದರೆ ಹೋಗುತ್ತದೆ. ರೂಟರ್ ಇನ್ವರ್ಟರಿಗೆ ಕೊಟ್ಟಿಲ್ಲ. ಇನ್ವರ್ಟರ್ ಇರುವುದು ಮೂರು ಲೈಟ್, ಒಂದು ಫ್ಯಾನಿಗೆ ಮಾತ್ರ.

ಮೇಷ್ಟ್ರು_ಪೊನ್ನಂಪೇಟೆ · ಅಕ್ಟೋಬರ್ 13

ಲೆಕ್ಕ ಹಾಕಿ ನೋಡೋಣ. ನಾನು ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಬೇರೆ ಕೆಲಸವೂ ಇಲ್ಲ.

ಈ ಕ್ಯಾಮೆರಾ ಇಡೀ ದಿನ ಎಚ್ಚರ ಇರುವುದಿಲ್ಲ. ಮುಂಭಾಗದಲ್ಲಿ ಒಂದು ಬಿಳಿ ಉಬ್ಬು ಇರುತ್ತದಲ್ಲ, ಅದು ಮೈಬಿಸಿ ಗುರುತಿಸುವ ಸೆನ್ಸರ್. ಅದಕ್ಕೆ ಬೇಕಾಗುವುದು ತೀರಾ ಕಡಿಮೆ ಕರೆಂಟ್. ಬಿಸಿ ಇರುವ ಏನಾದರೂ ಅದರ ಮುಂದೆ ಅಲ್ಲಾಡಿದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಲೆನ್ಸ್, ಚಿಪ್, ವೈಫೈ, ರಾತ್ರಿಯಾದರೆ ಕಣ್ಣಿಗೆ ಕಾಣದ ಬೆಳಕಿನ (ಇನ್‌ಫ್ರಾರೆಡ್) ದೀಪಗಳು, ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುತ್ತವೆ.

ಎಚ್ಚರ ಇದ್ದಾಗ 300 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎದ್ದು, 20 ಸೆಕೆಂಡ್ ಚಿತ್ರ ತೆಗೆದು, ಕಳಿಸಿ ಮಲಗಲು 30 ಸೆಕೆಂಡ್. ಅಂದರೆ ಒಂದು ಕ್ಲಿಪ್ಪಿಗೆ 2.5 ಎಂಎಎಚ್. ಹಿಂದಿನ ಕ್ಯಾಮೆರಾ: 110 ಗುಣಿಸು 2.5, ದಿನಕ್ಕೆ 275. 5200ನ್ನು 275ರಿಂದ ಭಾಗಿಸಿ. 19 ದಿನ!

ಡಬ್ಬದ ಮೇಲಿನ 6 ತಿಂಗಳೂ ಪೂರ್ತಿ ಸುಳ್ಳಲ್ಲ. ದಿನಕ್ಕೆ ಏಳೆಂಟು ಕ್ಲಿಪ್ ಆದರೆ, ಸುಮ್ಮನೆ ಮಲಗಿರುವ ಖರ್ಚೂ ಸೇರಿ, ಅಷ್ಟು ಬರುತ್ತದೆ. ಆದರೆ ಕೋಳಿ ಸಾಕುವವರ ಮನೆಯಲ್ಲಿ ಪರೀಕ್ಷೆ ಮಾಡಿರಲಿಕ್ಕಿಲ್ಲ.

ನನಗೆ ತಲೆ ಕೆಡಿಸಿದ್ದು ಮುಂದಿನ ಕ್ಯಾಮೆರಾ. 30 ಗುಣಿಸು 2.5, ದಿನಕ್ಕೆ 75. ಹಾಗಾದರೆ 69 ದಿನ ಬರಬೇಕಿತ್ತು. ಬಂದದ್ದು 40. ದಿನಕ್ಕೆ 55 ಎಂಎಎಚ್ ಬೇರೆ ಎಲ್ಲೋ ಸೋರುತ್ತಿದೆ. ಸುಮ್ಮನೆ ಮಲಗಿರುವುದಕ್ಕೆ 10 ಬಿಡಿ. ಉಳಿದ 45 ಎಲ್ಲಿ?

ವಿರಾಜಪೇಟೆ_88 · ಅಕ್ಟೋಬರ್ 13

ಚಳಿ ಮೇಷ್ಟ್ರೇ. ಚಳಿಗೆ ಬ್ಯಾಟರಿ ಇಳಿಯುತ್ತದೆ. ಮತ್ತೆ ಬ್ಯಾಟರಿಯನ್ನು ಪೂರ್ತಿ ಸೊನ್ನೆಗೆ ಇಳಿಸಿ ಆಮೇಲೆ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಶಕ್ತಿ ಕಮ್ಮಿ ಆಗುತ್ತದೆ ಅಂತ ಅಂಗಡಿಯವರು ಹೇಳಿದ್ದಾರೆ.

ಮೇಷ್ಟ್ರು_ಪೊನ್ನಂಪೇಟೆ · ಅಕ್ಟೋಬರ್ 13

ಎರಡನೆಯದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂಗೆ ಸೊನ್ನೆಗೆ ಇಳಿಸುವುದೇ ಕೆಟ್ಟದ್ದು. 20 ಪರ್ಸೆಂಟ್ ಹತ್ತಿರ ಬಂದಾಗ ಚಾರ್ಜಿಗೆ ಹಾಕಿ. ಬಳಸದೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಇಡಿ, ತುಂಬಿಸಿ ಇಡಬೇಡಿ.

ಚಳಿಯ ಮಾತು ಲಡಾಖಿನಲ್ಲಿ ನಿಜ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಲೇಬಾರದು. ನಮ್ಮಲ್ಲಿ ಜನವರಿಯ ಬೆಳಗ್ಗೆ 10, 12 ಡಿಗ್ರಿ. ಅದಕ್ಕೆ ನಾವು ನಡುಗುತ್ತೇವೆ, ಬ್ಯಾಟರಿ ಅಷ್ಟೇನೂ ನಡುಗುವುದಿಲ್ಲ. ಅದಕ್ಕೆ ಸೆಕೆಯೇ ಶತ್ರು. ತಗಡಿನ ಮಾಡಿನ ಕೆಳಗೆ ಅಂಟಿಸಿದಂತೆ ಹಾಕಬೇಡಿ. 45 ಡಿಗ್ರಿ ದಾಟಿದರೆ ಹೆಚ್ಚಿನವು ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತವೆ.

ಸೋಮವಾರಪೇಟೆ_ಮೆಣಸು · ಅಕ್ಟೋಬರ್ 14

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಜಾಣತನ ಮಾಡಲು ಹೋಗಿ 9900 ಎಂಎಎಚ್ ಅಂತ ಬರೆದಿದ್ದ 18650 ಸೆಲ್ ಆನ್‌ಲೈನಲ್ಲಿ ತರಿಸಿ ಹಾಕಿದೆ. ಎರಡು ವಾರವೂ ಬರಲಿಲ್ಲ. ತೂಗಿ ನೋಡಿದೆ, ಹಳೆ ಸೆಲ್ಲಿನ ಅರ್ಧ ತೂಕವೂ ಇಲ್ಲ!

ಗೋಣಿಕೊಪ್ಪ_ವೈರಿಂಗ್ · ಅಕ್ಟೋಬರ್ 14

ಆ ಗಾತ್ರದ ಸೆಲ್ಲಿನಲ್ಲಿ 3500, 3600 ಬಂದರೆ ಅದೇ ದೊಡ್ಡದು. 9900 ಅಂತ ಬರೆದದ್ದನ್ನು ಕಂಡರೆ ಕೈಯಲ್ಲೂ ಮುಟ್ಟಬೇಡಿ. ಹಳೆ ಸೆಲ್ ಒಂದು, ಹೊಸ ಸೆಲ್ ಒಂದು ಜೋಡಿಸುವುದೂ ಬೇಡ. ಉಬ್ಬಿದ ಬ್ಯಾಟರಿ ಇದ್ದರೆ "ಇನ್ನೊಂದು ಸಲ ಚಾರ್ಜ್ ಮಾಡಿ ನೋಡೋಣ" ಅನ್ನಬೇಡಿ. ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಮೇಷ್ಟ್ರು ಹುಡುಕುತ್ತಿದ್ದ 45 ಎಂಎಎಚ್‌ಗೆ ಬರುತ್ತೇನೆ. ನಾಪೋಕ್ಲು ಅಣ್ಣ, ನಿಮ್ಮ ಆ್ಯಪ್‌ನಲ್ಲಿ ದಿನದಿನದ ಬ್ಯಾಟರಿ ಪರ್ಸೆಂಟ್ ತೋರಿಸುವ ಗ್ರಾಫ್ ಇದ್ದರೆ ನೋಡಿ. ಕರೆಂಟ್ ಇಲ್ಲದ ಆ ಮೂರು ದಿನ ಮುಂದಿನ ಕ್ಯಾಮೆರಾ ಎಷ್ಟಿತ್ತು, ಎಷ್ಟಾಯಿತು?

ನಾಪೋಕ್ಲು_ತೋಟ · ಅಕ್ಟೋಬರ್ 14

ಅಬ್ಬಾ. ಜುಲೈ 23ಕ್ಕೆ 71. ಜುಲೈ 26ಕ್ಕೆ 44. ಆ ಮೂರು ದಿನ ಒಂದೇ ಒಂದು ಕ್ಲಿಪ್ ಮೊಬೈಲಿಗೆ ಬಂದಿಲ್ಲ. ಮನೆಯಿಂದ ಯಾರೂ ಹೊರಗೂ ಹೋಗಿರಲಿಲ್ಲ, ಆ ಮಳೆಗೆ. ಏನೂ ಕೆಲಸ ಮಾಡದೆ 27 ಪರ್ಸೆಂಟ್ ಹೇಗೆ ತಿಂದಿತು?

ಗೋಣಿಕೊಪ್ಪ_ವೈರಿಂಗ್ · ಅಕ್ಟೋಬರ್ 14

ಕೆಲಸ ಮಾಡಿದೆ ಅಣ್ಣ. ಮೂರು ದಿನ ರೂಟರನ್ನು ಹುಡುಕುತ್ತಿತ್ತು.

ರೂಟರ್ ಇದ್ದಾಗ ಕ್ಯಾಮೆರಾ ಅದರ ಜೊತೆ ಒಂದು ಒಪ್ಪಂದದಲ್ಲಿ ನಿದ್ದೆ ಮಾಡುತ್ತದೆ. ಆಗಾಗ ಅರೆಕ್ಷಣ ಕಣ್ಣು ಬಿಟ್ಟು "ನನಗೇನಾದರೂ ಇದೆಯಾ" ಅಂತ ಕೇಳಿ ಮತ್ತೆ ಮಲಗುತ್ತದೆ. ಕರೆಂಟ್ ಹೋಗಿ ರೂಟರ್ ಆರಿದರೆ ಆ ದಾರ ಕಡಿಯಿತು. ಆಮೇಲೆ ಎದ್ದು ಎಲ್ಲ ಚಾನೆಲ್ ಹುಡುಕುವುದು, ಸಿಗಲಿಲ್ಲ, ಸ್ವಲ್ಪ ಬಿಟ್ಟು ಮತ್ತೆ ಹುಡುಕುವುದು. ದನ ಮನೆಗೆ ಬಾರದಿದ್ದರೆ ನಾವು ಟಾರ್ಚ್ ಹಿಡಿದು ತೋಟ ಸುತ್ತುತ್ತೇವಲ್ಲ, ಹಾಗೆ. ಕೆಲವು ಮಾಡೆಲ್ ಸ್ವಲ್ಪ ಹೊತ್ತು ಹುಡುಕಿ ಸುಮ್ಮನಾಗುತ್ತವೆ, ನಿಮ್ಮದು ಬಿಡುವ ಜಾತಿಯದ್ದಲ್ಲ.

ಊರಲ್ಲಿ ನಾನು ನೋಡಿದ ಬೇಗ ಖಾಲಿಯಾಗುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಈ ಕೇಸೇ. ಬೆಂಗಳೂರಿನಲ್ಲಿ ಕೂತು ವಿಡಿಯೋ ಮಾಡುವವರು ಸೆನ್ಸಿಟಿವಿಟಿ ಕಡಿಮೆ ಮಾಡಿ, ರೆಸಲ್ಯೂಷನ್ ಇಳಿಸಿ ಅಂತ ಹೇಳುತ್ತಾರೆ. ಅದೂ ಸರಿ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನ ಕತೆ ಅವರಿಗೆ ಗೊತ್ತಿಲ್ಲ.

ಮದ್ದು ಸುಲಭ. ರೂಟರಿಗೆ ಅಂತಲೇ ಸಣ್ಣ 12 ವೋಲ್ಟ್ ಯುಪಿಎಸ್ ಸಿಗುತ್ತದೆ, ಟಿಫಿನ್ ಡಬ್ಬದಷ್ಟು. ಇಲ್ಲವೇ ಇನ್ವರ್ಟರ್ ಲೈನಿನಿಂದ ಒಂದು ಪಾಯಿಂಟ್ ಕೊಡಿಸಿ. ರೂಟರ್ ತಿನ್ನುವುದು ಹತ್ತು ವ್ಯಾಟ್ ಆಸುಪಾಸು. ಇಂಟರ್ನೆಟ್ ಲೈನ್ ಕಟ್ ಆಗಿದ್ದರೂ ಪರವಾಗಿಲ್ಲ, ರೂಟರ್ ಜೀವ ಇದ್ದರೆ ಕ್ಯಾಮೆರಾ ಹೀಗೆ ಒದ್ದಾಡುವುದಿಲ್ಲ.

ಮೇಷ್ಟ್ರು_ಪೊನ್ನಂಪೇಟೆ · ಅಕ್ಟೋಬರ್ 14

5200ರಲ್ಲಿ 27 ಪರ್ಸೆಂಟ್ ಅಂದರೆ 1400. 40 ದಿನಕ್ಕೆ ಹಂಚಿದರೆ ದಿನಕ್ಕೆ 35. ಇನ್ನು 10 ಬಾಕಿ. ಮುಂದಿನ ಕ್ಯಾಮೆರಾವನ್ನು ಮೊಬೈಲಿನಲ್ಲಿ ಲೈವ್ ತೆರೆದು ನೋಡುವವರು ಯಾರಾದರೂ ಇದ್ದಾರೆಯೇ?

ನಾಪೋಕ್ಲು_ತೋಟ · ಅಕ್ಟೋಬರ್ 14

ತಮ್ಮ. ಮೈಸೂರಿನಲ್ಲಿದ್ದಾನೆ. ಈಗಲೇ ಫೋನ್ ಮಾಡಿ ಕೇಳಿದೆ. "ದಿನಾ ಎರಡು ಮೂರು ನಿಮಿಷ ಅಷ್ಟೇ, ಮಳೆ ನೋಡೋಕೆ" ಅಂದ.

ಮೇಷ್ಟ್ರು_ಪೊನ್ನಂಪೇಟೆ · ಅಕ್ಟೋಬರ್ 14

ಎರಡೂವರೆ ನಿಮಿಷಕ್ಕೆ 12 ಎಂಎಎಚ್. ಲೆಕ್ಕ ಮುಗಿಯಿತು. ಇವತ್ತು ಚೆನ್ನಾಗಿ ನಿದ್ದೆ ಬರುತ್ತದೆ.

ಬೆಂಗಳೂರು_ಮಗ · ಅಕ್ಟೋಬರ್ 14

ತಪ್ಪೊಪ್ಪಿಕೊಳ್ಳುತ್ತೇನೆ. ನಮ್ಮ ಮನೆ ಕುಟ್ಟದಲ್ಲಿ. ಅಪ್ಪ ಅಮ್ಮ ಇಬ್ಬರೇ. ಅಪ್ಪ ಬೆಳಗ್ಗೆ ವರಾಂಡದಲ್ಲಿ ಪೇಪರ್ ಓದುತ್ತಾರೆ, ಅದನ್ನು ನೋಡಲು ನಾನು ದಿನಕ್ಕೆ ಹತ್ತು ಸಲ ಲೈವ್ ತೆರೆಯುತ್ತೇನೆ. ಅಕ್ಕ ದುಬೈಯಿಂದ ತೆರೆಯುತ್ತಾಳೆ. ಬ್ಯಾಟರಿ ತಿಂಗಳೂ ಬರುವುದಿಲ್ಲ, ಅಪ್ಪ ಕಂಪನಿಯವರನ್ನು ಬೈಯುತ್ತಾರೆ. ನಾನು ಸುಮ್ಮನಿದ್ದೆ.

ಹೋಂಸ್ಟೇ_ಗಾಳಿಬೀಡು · ಅಕ್ಟೋಬರ್ 14

ಫೋನ್ ಮಾಡಿ ಮಾತಾಡಪ್ಪಾ! ಅವರಿಗೂ ಖುಷಿ, ಬ್ಯಾಟರಿಗೂ ಆಯಸ್ಸು.

ವರಾಂಡಕ್ಕೆ ಕರೆಂಟ್ ಇದ್ದೇ ಇರುತ್ತದಲ್ವಾ, ಅಲ್ಲಿಯದನ್ನು ಚಾರ್ಜರ್ ವೈರಿಗೆ ಸಿಕ್ಕಿಸಿಯೇ ಇಡು. ಹತ್ತು ಮೀಟರ್ ಸಪೂರ ವೈರ್ ಮಾತ್ರ ಬೇಡ, ಆ ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದು ಚಾರ್ಜೇ ಆಗುವುದಿಲ್ಲ. ನಾನು ಪಟ್ಟ ಪಾಡು. ಪವರ್ ಬ್ಯಾಂಕ್ ಕಟ್ಟಿಯೂ ನೋಡಿದೆ. ಕ್ಯಾಮೆರಾ ಎಳೆಯುವ ಕರೆಂಟ್ ಅಷ್ಟು ಸಣ್ಣದು, ಏನೂ ಇಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ.

ನಮ್ಮದು ಬೇರೆ ಗೋಳು, ಮಂಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಅಂಗಳಕ್ಕೆ ಇಳಿಯುತ್ತದೆ. ಮೊದಲ ವರ್ಷ ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿರಲಿಲ್ಲ. ಆಗಸ್ಟಿನಲ್ಲಿ ತೆಗೆದು ನೋಡಿದರೆ ಒಳಗೆ ಹಸಿರು ಕಿಲುಬು. ಈಗ ಬಿಚ್ಚಿ ತಂದ ಕೂಡಲೇ ಚಾರ್ಜಿಗೆ ಹಾಕುವುದಿಲ್ಲ. ಒಲೆ ಇರುವ ಕೋಣೆಯಲ್ಲಿ, ಒಲೆಯಿಂದ ದೂರದಲ್ಲಿ, ಒಂದು ರಾತ್ರಿ ಒಣಗಲು ಬಿಡುತ್ತೇನೆ.

ಆಮೇಲೆ ಜೇಡ. ಕ್ಯಾಮೆರಾ ಮುಂದೆಯೇ ಬಲೆ ಕಟ್ಟುತ್ತದೆ. ರಾತ್ರಿ ಆ ಕಾಣದ ದೀಪದ ಬೆಳಕು ಬಲೆಗೆ ಬಡಿದು ಚಿತ್ರವೆಲ್ಲ ಬೆಳ್ಳಗೆ. ವಾರಕ್ಕೊಂದು ಸಲ ಪೊರಕೆ ಆಡಿಸಬೇಕು. ಬಿಳಿ ಲೈಟ್ ಹತ್ತುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಅದು ಬ್ಯಾಟರಿಯನ್ನೂ ತಿನ್ನುತ್ತದೆ, ಊರಿನ ಹುಳವನ್ನೆಲ್ಲ ಕರೆಯುತ್ತದೆ, ಹುಳದ ಹಿಂದೆ ಜೇಡ.

ಸಿದ್ದಾಪುರ_ರೈಟರ್ · ಅಕ್ಟೋಬರ್ 15

ಕೋಳಿಗೆ ಮದ್ದು ಹೇಳುತ್ತೇನೆ. ಕರಿ ಇನ್ಸುಲೇಷನ್ ಟೇಪ್.

"ಮನುಷ್ಯರು ಮಾತ್ರ" ಸೆಟ್ಟಿಂಗ್ ನಂಬಿ ಕೂತರೆ ಆಗುವುದಿಲ್ಲ. ಕೋಳಿ ಬಂತು, ಸೆನ್ಸರ್ ಎಬ್ಬಿಸಿತು, ಕ್ಯಾಮೆರಾ ಎದ್ದು ಚಿತ್ರ ನೋಡಿ "ಇದು ಕೋಳಿ" ಅಂದುಕೊಂಡಿತು. ನಿಮಗೆ ಸುದ್ದಿ ಕಳಿಸಲಿಲ್ಲ ಅಷ್ಟೇ. ಏಳುವ ಖರ್ಚು ಆಗಿಯೇ ಹೋಯಿತು. ಆ್ಯಪ್‌ನಲ್ಲಿ ಚೌಕ ಎಳೆದು "ಇಷ್ಟು ಜಾಗ ಮಾತ್ರ ನೋಡು" ಅನ್ನುವುದೂ ಎಷ್ಟೋ ಮಾಡೆಲ್‌ಗಳಲ್ಲಿ ಹೀಗೇ, ಎದ್ದ ಮೇಲೆ ನಡೆಯುವ ಕೆಲಸ. ಏಳದ ಹಾಗೆ ಮಾಡಬೇಕಾದರೆ ಸೆನ್ಸರಿನ ಕಣ್ಣಿಗೇ ಕೋಳಿ ಬೀಳಬಾರದು.

ಸೆನ್ಸರಿನ ಬಿಳಿ ಉಬ್ಬಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಟೇಪ್ ಅಂಟಿಸಿ. ಒಮ್ಮೆಗೇ ಜಾಸ್ತಿ ಬೇಡ. ಸಣ್ಣ ಪಟ್ಟಿ ಅಂಟಿಸಿ, ಹೋಗಿ ಎದುರು ಕುಕ್ಕರಗಾಲಲ್ಲಿ ನಡೆಯಿರಿ, ಆಮೇಲೆ ನಿಂತು ನಡೆಯಿರಿ. ಕೂತಾಗ ಏಳಬಾರದು, ನಿಂತಾಗ ಏಳಬೇಕು. ನಾನು ಹೀಗೆ ಕೋಳಿ ತರಹ ನಡೆಯುವಾಗ ನಮ್ಮ ಸಾಹುಕಾರರು ಜೀಪಿನಲ್ಲಿ ಬಂದರು. ಎರಡು ದಿನ ಏನೂ ಕೇಳಲಿಲ್ಲ, ಮೂರನೇ ದಿನ ಆರೋಗ್ಯ ವಿಚಾರಿಸಿದರು.

ಕ್ಯಾಮೆರಾ ಮುಖವನ್ನೂ ನೋಡಿಕೊಳ್ಳಿ. ಈ ಸೆನ್ಸರ್ ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬರುವವರನ್ನು ತಡವಾಗಿ. ಕಣಕ್ಕೆ ಬರುವ ದಾರಿ ಕ್ಯಾಮೆರಾ ಮುಂದೆ ಅಡ್ಡ ಹಾದುಹೋಗಬೇಕು. ಏಳೆಂಟು ಅಡಿ ಎತ್ತರ ಸಾಕು.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಲೈನ್ ಮನೆಗಳ (ಆಳುಗಳ ಸಾಲುಮನೆಗಳ) ಕಡೆ ತಿರುಗಿಸಬೇಡಿ. ಅಲ್ಲಿ ಹೆಂಗಸರು ಮಕ್ಕಳು ಓಡಾಡುತ್ತಾರೆ, ಬಚ್ಚಲೂ ಹೊರಗೇ ಇರುತ್ತದೆ. ಕ್ಲಿಪ್ ಜಾಸ್ತಿ ಆಗುವುದು ಆಮೇಲಿನ ಮಾತು, ಅವರಿಗೆ ಅವಮಾನ.

ನಾಪೋಕ್ಲು_ತೋಟ · ಅಕ್ಟೋಬರ್ 15

ಲೈನ್ ಮನೆ ವಿಷಯ ಸರಿಯಾಗಿ ಹೇಳಿದಿರಿ. ನಾನು ಹಾಕಬೇಕೆಂದಿದ್ದ ಕಂಬದಿಂದ ಲೈನ್ ಕಾಣುತ್ತದೆ. ಎದುರಿನ ಕಂಬಕ್ಕೆ ಹಾಕುತ್ತೇನೆ.

ಕಣಕ್ಕೆ ಸೋಲಾರ್ ಪ್ಯಾನೆಲ್ ಹಾಕಬಹುದಾ? 3 ವ್ಯಾಟಿನದ್ದು ಸಿಗುತ್ತದೆ. ಮೊಬೈಲ್ ಹಿಡಿದು ಕಣಕ್ಕೆ ಹೋಗಿ ನೋಡಿದೆ, ವೈಫೈ ಸಿಗ್ನಲ್ ಮೈನಸ್ 80 ತೋರಿಸುತ್ತದೆ.

ಗೋಣಿಕೊಪ್ಪ_ವೈರಿಂಗ್ · ಅಕ್ಟೋಬರ್ 15

ಮೈನಸ್ 80ರಲ್ಲಿ ಹಾಕಲೇಬೇಡಿ. ಸಿಗ್ನಲ್ ಕಮ್ಮಿ ಇದ್ದರೆ ಕ್ಯಾಮೆರಾ ಒಂದೇ ಕ್ಲಿಪ್ಪನ್ನು ನಿಧಾನಕ್ಕೆ, ಮತ್ತೆ ಮತ್ತೆ ಕಳಿಸುತ್ತದೆ. ಅಷ್ಟೂ ಹೊತ್ತು ಎಚ್ಚರ. 65ರ ಒಳಗೆ ತನ್ನಿ.

ದಪ್ಪ ಗೋಡೆಯೊಳಗಿಂದ ಸಿಗ್ನಲ್ ಕಳಿಸುವ ಬದಲು ರೂಟರಿನಿಂದ ಒಂದು ಕೇಬಲ್ ತಂದು, ಕಣಕ್ಕೆ ಮುಖ ಮಾಡಿರುವ ಗೋಡೆಯ ಹೊರಗೆ, ಮಾಡಿನ ಅಡಿಯಲ್ಲಿ ಒಂದು ಔಟ್‌ಡೋರ್ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಹಾಕಿ. ಅದನ್ನೂ ಅದೇ ಇನ್ವರ್ಟರ್ ಪಾಯಿಂಟಿಗೆ ಕೊಡಿ. ಕ್ಯಾಮೆರಾವನ್ನು 2.4 ಗಿಗಾಹರ್ಟ್ಸ್‌ನಲ್ಲೇ ಇಡಿ, 5 ಅಷ್ಟು ದೂರ ಹೋಗುವುದಿಲ್ಲ. ಮಧ್ಯದ ಕೊಂಬೆಗಳನ್ನು ಸ್ವಲ್ಪ ಕಡಿಸಿ. ಒದ್ದೆ ಎಲೆ ಸಿಗ್ನಲ್ ಕುಡಿಯುತ್ತದೆ.

ಮೇಷ್ಟ್ರು_ಪೊನ್ನಂಪೇಟೆ · ಅಕ್ಟೋಬರ್ 15

ಸೋಲಾರ್ ಕಣಕ್ಕೆ ಹೇಳಿ ಮಾಡಿಸಿದ್ದು. ಕಣ ಅಂದಮೇಲೆ ಬಿಸಿಲು ಇದ್ದೇ ಇರುತ್ತದೆ, ಇಲ್ಲದಿದ್ದರೆ ಕಾಫಿ ಒಣಗುವುದಿಲ್ಲ. ನಾವಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ತೆಂಕಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ ಇರಲಿ, ಸ್ವಲ್ಪ ಓರೆಯಾಗಿರಲಿ. ಮಲಗಿಸಿದರೆ ಇಬ್ಬನಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಮೇಲೇ ಕೂರುತ್ತವೆ.

3 ವ್ಯಾಟ್, 5 ವೋಲ್ಟ್, ಅಂದರೆ ಕಾಗದದ ಮೇಲೆ 600 ಮಿಲಿಆಂಪಿಯರ್. ಅರ್ಧ ಸಿಕ್ಕಿತು ಅನ್ನಿ. ಅರ್ಧ ಗಂಟೆ ಒಳ್ಳೆ ಬಿಸಿಲಿಗೆ 150 ಎಂಎಎಚ್. ಕ್ಯಾಮೆರಾದ ದಿನದ ಊಟ ಅದರಲ್ಲೇ ಮುಗಿಯುತ್ತದೆ. ಸಿಲ್ವರ್ ಓಕಿನ ಒಂದು ಕೊಂಬೆಯ ನೆರಳು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ ಕುಗ್ಗುತ್ತದೆ, ಸೆಲ್‌ಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುವುದರಿಂದ.

ಹೋಂಸ್ಟೇ_ಗಾಳಿಬೀಡು · ಅಕ್ಟೋಬರ್ 15

ಮಳೆಗಾಲಕ್ಕೆ ಪ್ಯಾನೆಲ್ ನಂಬಬೇಡಿ ಅಂತ ಸೇರಿಸಿ ಮೇಷ್ಟ್ರೇ. ನಮ್ಮದರ ಮೇಲೆ ಜುಲೈಯಲ್ಲಿ ಪಾಚಿ ಬೆಳೆದಿತ್ತು. ಹಿಂದೆ ಚಗಳಿ ಇರುವೆ ಗೂಡು. ನಾನು ಬ್ಯಾಟರಿ ಕಳಚಿ ತೆಗೆಯಲು ಬರುವ ಮಾಡೆಲ್ ತಂದು, ಎರಡನೇ ಬ್ಯಾಟರಿ ಒಂದು ಚಾರ್ಜ್ ಮಾಡಿಯೇ ಇಟ್ಟುಕೊಂಡಿದ್ದೇನೆ. ಅದೇ ನೆಮ್ಮದಿ.

ಸಿದ್ದಾಪುರ_ರೈಟರ್ · ಅಕ್ಟೋಬರ್ 16

ಕಣದಲ್ಲಿ ಹಗಲು ಕ್ಯಾಮೆರಾ ಮಲಗಿಸಿ. ಆಳುಗಳು ಇಡೀ ದಿನ ಕಾಫಿ ಕೆದಕುತ್ತಾ ಓಡಾಡುತ್ತಾರೆ, ಬಿಸಿಲಿಗೆ ಸಿಮೆಂಟ್ ಕಾದು ಬಿಸಿಗಾಳಿ ಏಳುತ್ತದೆ, ಸುಮ್ಮಸುಮ್ಮನೆ ಎದ್ದು ಸಾಯುತ್ತದೆ. ಸಂಜೆ 6ರಿಂದ ಬೆಳಗ್ಗೆ 6 ಅಂತ ಟೈಮ್ ಹಾಕಿ. ರಾಶಿ ಮಾಡಿ ಟಾರ್ಪಾಲ್ ಹೊದಿಸುತ್ತೀರಲ್ಲ, ಅದರ ಅಂಚಿಗೆ ಕಲ್ಲು ಹೇರಿ. ಕಾದ ಟಾರ್ಪಾಲ್ ಗಾಳಿಗೆ ಪಟಪಟ ಅಂದರೂ ಸೆನ್ಸರ್ ಎದ್ದುಬಿಡುತ್ತದೆ.

ಒಂದು ಕ್ಲಿಪ್ಪಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುವ ಸೆಟ್ಟಿಂಗ್ ಇರುತ್ತದೆ. ಮನೆಯಲ್ಲಿ 5 ನಿಮಿಷ ಇಡಬಹುದು. ಕಣದಲ್ಲಿ 30 ಸೆಕೆಂಡಿಗಿಂತ ಜಾಸ್ತಿ ಬೇಡ. ಐದು ನಿಮಿಷದಲ್ಲಿ ಎರಡು ಮೂಟೆ ಜೀಪಿಗೆ ಏರಿರುತ್ತದೆ.

ನಾಪೋಕ್ಲು_ತೋಟ · ನವೆಂಬರ್ 10

ಕೆಲಸ ಮುಗಿಯಿತು. ರೂಟರೂ ಆಕ್ಸೆಸ್ ಪಾಯಿಂಟೂ ಇನ್ವರ್ಟರ್ ಮೇಲೆ. ಕಣದಲ್ಲಿ ಮೈನಸ್ 62. ಹಿಂದಿನದಕ್ಕೆ ಟೇಪ್ (ನಾನೂ ಕೋಳಿ ತರಹ ನಡೆದೆ, ಅಮ್ಮ ವಿಡಿಯೋ ಮಾಡಿ ತಮ್ಮನಿಗೆ ಕಳಿಸಿದರು). ಮನೆಯ ಎರಡನ್ನೂ 1080ಕ್ಕೆ ಇಳಿಸಿದೆ, ಕಣದ್ದು 2ಕೆಯಲ್ಲೇ ಇದೆ. ಇವತ್ತು ಎಲ್ಲ 100. ಇನ್ನು ನೋಡೋಣ.

ನಾಪೋಕ್ಲು_ತೋಟ · ಜನವರಿ 11

62 ದಿನ ಆಯಿತು. ಹಿಂದಿನದು 52 ಪರ್ಸೆಂಟ್, ಕ್ಲಿಪ್ ದಿನಕ್ಕೆ ಹನ್ನೆರಡು ಆಸುಪಾಸು. ಮುಂದಿನದು 44. ಹುತ್ತರಿ ಹಬ್ಬದ ರಾತ್ರಿ ಒಂದರಲ್ಲೇ 87 ಕ್ಲಿಪ್, ಕದಿರು ತರಲು ಇಡೀ ಕುಟುಂಬ ಗದ್ದೆಗೆ ಹೋಗಿ ಬಂತಲ್ಲ. ಅದೊಂದನ್ನೂ ಅಳಿಸಿಲ್ಲ.

ಕಣದ್ದು 96ರಿಂದ ಕೆಳಗೆ ಇಳಿದೇ ಇಲ್ಲ. ಕಳೆದ ವಾರ ರಾತ್ರಿ 2:14ಕ್ಕೆ ಮೊಬೈಲ್ ಬಡಿದುಕೊಂಡಿತು. ತೆರೆದರೆ ಟಾರ್ಚ್ ಹಿಡಿದು ಯಾರೋ ರಾಶಿ ಹತ್ತಿರ ಬಗ್ಗಿದ್ದಾರೆ. ಕತ್ತಿ ಹಿಡಿದು ಅಂಗಳಕ್ಕೆ ಇಳಿದೆ. ನೋಡಿದರೆ ಅಮ್ಮ. ಮೋಡ ಕಂಡು, ಟಾರ್ಪಾಲ್ ಸರಿ ಇದೆಯಾ ಅಂತ ನೋಡಲು ಹೋಗಿದ್ದರಂತೆ.

ಈಗ ಹೊಸ ಸಮಸ್ಯೆ. ಮಂಗಗಳು ಪ್ಯಾನೆಲ್ ಮೇಲೆ ಕೂತು ಅದನ್ನು ನೆಲದ ಕಡೆ ತಿರುಗಿಸುತ್ತವೆ. ದಿನಕ್ಕೆ ಎರಡು ಸಲ ಹೋಗಿ ಸರಿ ಮಾಡುತ್ತಿದ್ದೇನೆ.

ಗೋಣಿಕೊಪ್ಪ_ವೈರಿಂಗ್ · ಜನವರಿ 11

ಜೊತೆಗೆ ಬರುವ ಪ್ಲಾಸ್ಟಿಕ್ ಕೀಲು ಮಂಗಕ್ಕೆ ತಡೆಯುವುದಿಲ್ಲ ಅಣ್ಣ. ಕಬ್ಬಿಣದ ಎಲ್ ಪಟ್ಟಿ ಮೇಲೆ ಎರಡು ನಟ್ ಹಾಕಿ ಬಿಗಿ ಮಾಡಬೇಕು. ಕಂಬ ಎಷ್ಟು ದಪ್ಪ ಅಂತ ಅಳತೆ ಕಳಿಸಿ, ಗುರುವಾರ ಮೂರ್ನಾಡಿನಲ್ಲಿ ಕೆಲಸ ಇದೆ, ಬರುವಾಗ ಕ್ಲಾಂಪ್ ಮಾಡಿಸಿಕೊಂಡು ಬರುತ್ತೇನೆ.